ದೇವರಾದ ರೋಮನ್ ಚಕ್ರವರ್ತಿಗಳ ನಾಣ್ಯಗಳು: ಸಂಗ್ರಹ ಶುರು ಮಾಡುವವರಿಗೆ ಪೂರ್ತಿ ಮಾರ್ಗದರ್ಶಿ

ರೋಮ್‌ನಲ್ಲಿ ಚಕ್ರವರ್ತಿ ಸತ್ತ ಮೇಲೆ ಅವನನ್ನು ದೇವರೆಂದು ಘೋಷಿಸುವ ಅಧಿಕಾರ ಸೆನೆಟ್‌ಗೆ ಇತ್ತು. ಆ ಮರ್ಯಾದೆ ಎಲ್ಲರಿಗೂ ಸಿಗುತ್ತಿರಲಿಲ್ಲ. ಅಗಸ್ಟಸ್‌ಗೆ ಸಿಕ್ಕಿತು, ಟೈಬೀರಿಯಸ್‌ಗೆ ಸಿಗಲಿಲ್ಲ. ಕ್ಲಾಡಿಯಸ್‌ಗೆ ಸಿಕ್ಕಿತು, ನೀರೋಗೆ ಸಿಗಲಿಲ್ಲ. ಸಿಕ್ಕವರಿಗೆ ಗುಡಿ ಕಟ್ಟುತ್ತಿದ್ದರು, ಅರ್ಚಕರನ್ನು ನೇಮಿಸುತ್ತಿದ್ದರು, ಅವರ ಹೆಸರಲ್ಲಿ ನಾಣ್ಯ ಹಾಕಿಸುತ್ತಿದ್ದರು.

ಆ ನಾಣ್ಯ ಹಾಕಿಸುತ್ತಿದ್ದವನು ಬದುಕಿದ್ದ ಚಕ್ರವರ್ತಿ. ಸಂಗ್ರಹ ಶುರು ಮಾಡುವ ಮೊದಲು ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಖ ಸತ್ತವನದು, ಕೆಲಸ ಆಗಬೇಕಾಗಿದ್ದು ಬದುಕಿದ್ದವನಿಗೆ. ಅಪ್ಪ ದೇವರಾದರೆ ತಾನು ದೇವರ ಮಗ. ಹೊಸಬನ ಹಕ್ಕು ಗಟ್ಟಿಯಾಗಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಹಾಗಾಗಿ ಪ್ರತಿ ನಾಣ್ಯದ ಹತ್ತಿರ ಎರಡು ಪ್ರಶ್ನೆ ಕೇಳಬೇಕು: ಇವನು ಯಾರು, ಇದನ್ನು ಹಾಕಿಸಿದವನು ಯಾರು? ಎರಡನೆಯದನ್ನು ಕೇಳದೆ ಕೂಡಿಹಾಕಿದರೆ ಮುಖಗಳ ಸಾಲಷ್ಟೇ ಉಳಿಯುತ್ತದೆ.

ಈ ಮಾತು ನಮ್ಮ ನೆಲಕ್ಕೂ ಬಂದಿತ್ತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ದಕ್ಷಿಣ ಭಾರತದಲ್ಲಿ ಅತಿ ಹೆಚ್ಚು ಸಿಗುವುದು ಈ ಇಬ್ಬರ ಬೆಳ್ಳಿ. ಅವುಗಳ ಮೇಲಿನ ಬರಹ ನೋಡಿ. ಅಗಸ್ಟಸ್ ನಾಣ್ಯದಲ್ಲಿ 'ದಿವಿ ಎಫ್' ಎಂದಿದೆ, ಅಂದರೆ ದೇವರ ಮಗ. ಆ ದೇವರು ಜೂಲಿಯಸ್ ಸೀಸರ್. ಟೈಬೀರಿಯಸ್ ನಾಣ್ಯದಲ್ಲಿ ದೇವರಾದ ಅಗಸ್ಟಸ್‌ನ ಮಗ ಎಂದಿದೆ. ಮೆಣಸಿಗೆ, ಬಟ್ಟೆಗೆ ಬೆಲೆಯಾಗಿ ಬಂದ ಬೆಳ್ಳಿಯ ಜೊತೆ ರೋಮ್‌ನ ರಾಜಕೀಯವೂ ಹಡಗು ಹತ್ತಿ ಬಂದಿತ್ತು.

ಹೆಜ್ಜೆ 1: ಬರಹ ಓದಲು ಕಲಿಯಿರಿ

ಲ್ಯಾಟಿನ್ ಗೊತ್ತಿರಬೇಕಾಗಿಲ್ಲ. ಇಂಗ್ಲಿಷ್ ದೊಡ್ಡಕ್ಷರ ಓದಲು ಬಂದರೆ ಸಾಕು. ರೋಮನ್ನರು 'ಯು' ಅಕ್ಷರದ ಜಾಗದಲ್ಲೂ 'ವಿ'ಯನ್ನೇ ಬರೆಯುತ್ತಿದ್ದರು. ಹಾಗಾಗಿ 'ದಿವುಸ್' ಎಂಬುದು ಡಿ-ಐ-ವಿ-ವಿ-ಎಸ್ ಎಂದು ಕಾಣುತ್ತದೆ. ತಲೆಯ ಸುತ್ತ ಇರುವ ಬರಹದ ಶುರುವಿನಲ್ಲಿ ದಿವುಸ್ ಅಥವಾ ದಿವೊ ಇದ್ದರೆ ಅದು ದೇವರಾದ ಗಂಡಸಿನ ನಾಣ್ಯ. ದಿವಾ ಅಥವಾ ದಿವೆ ಇದ್ದರೆ ರಾಣಿಯದು. ಹಿಂದಿನ ಬದಿಯಲ್ಲಿ ಹೆಚ್ಚಾಗಿ ಕಾಣುವ ಪದ 'ಕೊನ್ಸೆಕ್ರಾತಿಯೊ', ಅಂದರೆ ದೇವರಾಗಿಸಿದ ವಿಧಿ. ಇಷ್ಟು ಕಲಿತರೆ ಅರ್ಧ ದಾರಿ ಸಾಗಿದಂತೆ.

ಒಂದೇ ಹೆಸರು ಹಲವರಿಗೆ ಇರುವುದು ನಿಜವಾದ ತೊಡಕು. ಬರೀ 'ದಿವುಸ್ ಆಂಟೊನಿನಸ್' ಎಂದಿದ್ದರೆ ಅದು ಆಂಟೊನಿನಸ್ ಪಯಸ್. ನಡುವೆ ಒಂದು 'ಎಂ' ಸೇರಿ 'ದಿವುಸ್ ಎಂ ಆಂಟೊನಿನಸ್ ಪಯಸ್' ಎಂದಾದರೆ ಮಾರ್ಕಸ್ ಔರೇಲಿಯಸ್. 'ದಿವೊ ಆಂಟೊನಿನೊ ಮಾಗ್ನೊ' ಎಂದಿದ್ದರೆ ಕ್ಯಾರಕಾಲಾ. ಬೆಲೆಯಲ್ಲಿ ಮೂವರಿಗೂ ತುಂಬ ವ್ಯತ್ಯಾಸ ಇದೆ. ಕೊಳ್ಳುವ ಮುಂಚೆ ಆ ಒಂದೆರಡು ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಲೇಬೇಕು.

ಫೌಸ್ಟಿನಾ ಎಂಬ ಹೆಸರಲ್ಲೂ ಇಬ್ಬರಿದ್ದಾರೆ, ತಾಯಿ ಮತ್ತು ಮಗಳು. ಇಬ್ಬರೂ ದೇವಿಯರಾದರು. ತಾಯಿಯ ನಾಣ್ಯದಲ್ಲಿ ಬರೀ 'ದಿವಾ ಫೌಸ್ಟಿನಾ' ಎಂದಿರುತ್ತದೆ. ಹೆಸರಿನ ಜೊತೆ 'ಪಿಯಾ' ಸೇರಿದ್ದರೆ ಮಗಳು. ಬರಹ ಸವೆದಿದ್ದರೆ ಕೂದಲು ನೋಡಿ. ತಾಯಿ ಜಡೆ ಹೆಣೆದು ನೆತ್ತಿಯ ಮೇಲೆ ಸುತ್ತಿಕೊಂಡಿದ್ದಾಳೆ. ಮಗಳ ತುರುಬು ತಲೆಯ ಹಿಂದೆ ಇದೆ.

ಹೆಜ್ಜೆ 2: ಹಿಂಬದಿಯ ಚಿತ್ರಗಳನ್ನು ಗುರುತು ಹಿಡಿಯಿರಿ

ಹದ್ದು ಎಲ್ಲಕ್ಕಿಂತ ಸಾಮಾನ್ಯ. ಅದು ಜೂಪಿಟರ್‌ನ ಹಕ್ಕಿ, ಚಕ್ರವರ್ತಿಯನ್ನು ಆಕಾಶಕ್ಕೆ ಒಯ್ಯುವುದು ಅದೇ. ಕೆಲವು ಸಲ ಗೋಳದ ಮೇಲೆ, ಕೆಲವು ಸಲ ಬಲಿಪೀಠದ ಮೇಲೆ ನಿಂತಿರುತ್ತದೆ. ರಾಣಿಯರಿಗೆ ಜೂನೊ ದೇವಿಯ ನವಿಲು. ಬೆಂಕಿ ಉರಿಯುವ ಅಥವಾ ಬಾಗಿಲಿರುವ ಬಲಿಪೀಠ, ಆನೆಗಳು ಎಳೆಯುವ ರಥ, ನಾಲ್ಕು ಕುದುರೆಯ ರಥ, ಗುಡಿ, ಸ್ತಂಭ ಇವೂ ಕಾಣುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟ ಚಿತೆಯ ಚಿತ್ರ. ಮೇಲೆ ಹೋದಂತೆ ಕಿರಿದಾಗುವ ಅಂತಸ್ತುಗಳ ಕಟ್ಟಡ, ತುದಿಯಲ್ಲಿ ರಥ. ಮೊದಲ ಸಲ ನೋಡಿದವರು ಇದನ್ನು ಗುಡಿ ಅಂದುಕೊಳ್ಳುತ್ತಾರೆ. 211ರಲ್ಲಿ ಸತ್ತ ಸೆಪ್ಟಿಮಿಯಸ್ ಸೆವೆರಸ್‌ನ ಅಂತ್ಯಕ್ರಿಯೆಯನ್ನು ಆ ಕಾಲದ ಇತಿಹಾಸಕಾರ ಹೆರೋಡಿಯನ್ ವಿವರವಾಗಿ ಬರೆದಿದ್ದಾನೆ. ಮರದಿಂದ ಅಂತಸ್ತು ಅಂತಸ್ತಾಗಿ ಗೋಪುರ ಕಟ್ಟುತ್ತಿದ್ದರು. ಒಳಗೆ ಒಣ ಸೌದೆ ತುಂಬುತ್ತಿದ್ದರು. ಹೊರಗೆ ಚಿನ್ನದ ಜರಿ ಬಟ್ಟೆ, ದಂತದ ಕೆತ್ತನೆ, ಚಿತ್ರಗಳು. ಗೋಪುರದೊಳಗೆ ಪರಿಮಳ ದ್ರವ್ಯಗಳನ್ನು ರಾಶಿ ಹಾಕಿ, ಕುದುರೆ ಸವಾರರು ಸುತ್ತು ಬಂದ ಮೇಲೆ ಹೊಸ ಚಕ್ರವರ್ತಿಯೇ ಬೆಂಕಿ ಇಡುತ್ತಿದ್ದ. ತುತ್ತತುದಿಯಿಂದ ಒಂದು ಹದ್ದನ್ನು ಹಾರಿಬಿಡುತ್ತಿದ್ದರು. ಆ ಹದ್ದು ಆತ್ಮವನ್ನು ಒಯ್ಯುತ್ತದೆ ಎಂದು ಜನ ನಂಬುತ್ತಿದ್ದರು. ಇದನ್ನು ಓದಿ, ಆಮೇಲೆ 18 ಮಿಲಿಮೀಟರ್ ಅಗಲದ ಬೆಳ್ಳಿಯ ಮೇಲೆ ಅದೇ ಗೋಪುರ, ಅದರ ಅಲಂಕಾರದ ಸಾಲುಗಳನ್ನು ನೋಡಬೇಕು. ಮೈ ಜುಮ್ಮೆನ್ನುತ್ತದೆ.

ಮುಂಬದಿಯಲ್ಲೂ ಒಂದು ಸೂಕ್ಷ್ಮ ಇದೆ. ಬದುಕಿರುವಾಗ ಆಂಟೊನಿನಸ್ ಪಯಸ್‌ನ ತಲೆಯ ಮೇಲೆ ಸಾಮಾನ್ಯವಾಗಿ ಲಾರೆಲ್ ಎಲೆಗಳ ಮಾಲೆ ಇರುತ್ತದೆ. ದೇವರಾದ ಮೇಲಿನ ಬೆಳ್ಳಿ ನಾಣ್ಯದಲ್ಲಿ ಬರಿತಲೆ. ಸತ್ತವನಿಗೆ ಅಧಿಕಾರದ ಗುರುತು ಬೇಕಿಲ್ಲ, ಅಲ್ವಾ? ಮಾರ್ಕಸ್ ಔರೇಲಿಯಸ್‌ಗೂ ಹೀಗೆಯೇ ಮಾಡಿದ್ದಾರೆ.

ಹೆಜ್ಜೆ 3: ಯಾವ ದಾರಿ ಹಿಡಿಯಬೇಕು ಎಂದು ನಿರ್ಧರಿಸಿ

ಎಲ್ಲ ದೇವರನ್ನೂ ಕೂಡಿಸುತ್ತೇನೆ ಎಂದು ಹೊರಟರೆ ಹಣ ಮುಗಿಯುತ್ತದೆ, ಸಂಗ್ರಹ ಮುಗಿಯುವುದಿಲ್ಲ. ಪರ್ಟಿನಾಕ್ಸ್‌ನನ್ನೇ ತೆಗೆದುಕೊಳ್ಳಿ. 193ರಲ್ಲಿ ಮೂರು ತಿಂಗಳೂ ಆಳದೆ ಕಾವಲು ಪಡೆಯವರ ಕೈಯಲ್ಲಿ ಸತ್ತ. ಸೇಡು ತೀರಿಸುವ ನೆಪದಲ್ಲಿ ರೋಮ್‌ಗೆ ಬಂದ ಸೆಪ್ಟಿಮಿಯಸ್ ಸೆವೆರಸ್ ಅವನನ್ನು ದೇವರಾಗಿಸಿ, ಅವನ ಹೆಸರನ್ನೂ ತನ್ನ ಹೆಸರಿಗೆ ಸೇರಿಸಿಕೊಂಡ. ಕಥೆ ಅದ್ಭುತ, ಆದರೆ ಆ ನಾಣ್ಯ ಅಪರೂಪ, ಬೆಲೆ ವಿಪರೀತ. ಕೈಗೆ ಎಟುಕುವ ದಾರಿಗಳು ಬೇರೆ ಇವೆ.

ಅತಿ ಕಡಿಮೆ ಖರ್ಚಿನ ದಾರಿ ಕ್ಲಾಡಿಯಸ್ ಗೋಥಿಕಸ್. ಅವನು 270ರಲ್ಲಿ ಪಿಡುಗಿನಿಂದ ಸತ್ತ. 'ದಿವೊ ಕ್ಲಾಡಿಯೊ' ಎಂಬ ಬರಹದ ಸಣ್ಣ ನಾಣ್ಯಗಳನ್ನು ಲೆಕ್ಕವಿಲ್ಲದಷ್ಟು ಹಾಕಿಸಿದರು. ಹಿಂದೆ ಹದ್ದು ಅಥವಾ ಬಲಿಪೀಠ. ತಲೆಯ ಮೇಲೆ ಸೂರ್ಯನ ಕಿರಣದಂಥ ಮುಳ್ಳಿನ ಕಿರೀಟ. ಮೊದಲನೆಯ ಕ್ಲಾಡಿಯಸ್ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ, ಇಬ್ಬರ ನಡುವೆ ಇನ್ನೂರು ವರ್ಷಕ್ಕೂ ಜಾಸ್ತಿ ಅಂತರ ಇದೆ. ಈ ನಾಣ್ಯಗಳನ್ನು ಆ ಕಾಲದ ಜನರೇ ಊರೂರಲ್ಲಿ ನಕಲು ಮಾಡಿದ್ದಾರೆ. ಅಕ್ಷರ ತಪ್ಪು, ಹದ್ದು ಕೋಳಿಯಂತೆ ಕಾಣುತ್ತದೆ, ಗಾತ್ರ ಇನ್ನೂ ಚಿಕ್ಕದು. ಇವು ಇಂದಿನ ನಕಲಿಗಳಲ್ಲ, ಹಳೆಯ ಕಾಲದ ಚಿಲ್ಲರೆ ಕೊರತೆಯ ಸಾಕ್ಷಿ. ಅಧಿಕೃತವಾದದ್ದು ಒಂದು, ಊರಿನ ನಕಲು ಒಂದು ಜೊತೆಗೆ ಇಟ್ಟರೆ ಎರಡಕ್ಕೂ ಅರ್ಥ ಬರುತ್ತದೆ.

ನಾನು ಎಲ್ಲರಿಗೂ ಹೇಳುವ ದಾರಿ ಆಂಟೊನಿನಸ್ ಮನೆತನ. ಕಾರಣ ಮೂರು: ಬೆಳ್ಳಿ ಚೆನ್ನಾಗಿದೆ, ಕೆತ್ತನೆ ಚೆನ್ನಾಗಿದೆ, ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಹಿರಿಯ ಫೌಸ್ಟಿನಾ 140ರಲ್ಲಿ ಸತ್ತಳು. ಗಂಡ ಆಂಟೊನಿನಸ್ ಪಯಸ್ ಮುಂದಿನ ಇಪ್ಪತ್ತು ವರ್ಷ, ತಾನು ಸಾಯುವವರೆಗೆ ಅವಳ ಹೆಸರಲ್ಲಿ ನಾಣ್ಯ ಹಾಕಿಸಿದ. ಎಟರ್ನಿತಾಸ್ (ಶಾಶ್ವತತೆ), ಆಗುಸ್ತಾ (ರಾಣಿಯ ಬಿರುದು), ಸೆರೆಸ್ (ಧಾನ್ಯದ ದೇವಿ) ಹೀಗೆ ಬಗೆಬಗೆಯ ಹಿಂಬದಿಗಳಿವೆ. ಇವಳೊಬ್ಬಳ ಮೇಲೆಯೇ ಪೂರ್ತಿ ಸಂಗ್ರಹ ಕಟ್ಟಬಹುದು. ಅವಳ ಹೆಸರಲ್ಲಿ ಬಡ ಹೆಣ್ಣುಮಕ್ಕಳಿಗಾಗಿ ಒಂದು ನಿಧಿ ಮಾಡಿದ್ದ, ಅದನ್ನು ತೋರಿಸುವ ನಾಣ್ಯವೂ ಇದೆ, ಆದರೆ ಸುಲಭವಾಗಿ ಸಿಗುವುದಿಲ್ಲ. ರೋಮ್‌ನ ಫೋರಂನಲ್ಲಿ ಅವಳಿಗೆ ಕಟ್ಟಿದ ಗುಡಿಯ ಕಂಬಗಳು ಇಂದಿಗೂ ನಿಂತಿವೆ, ಒಳಗೆ ಈಗ ಚರ್ಚ್ ಇದೆ. ಗುಡಿ ಮೊದಲು ಅವಳೊಬ್ಬಳದೇ ಆಗಿತ್ತು. 161ರಲ್ಲಿ ಗಂಡನೂ ದೇವರಾದಾಗ ಮೇಲಿನ ಶಾಸನದಲ್ಲಿ ಅವನ ಹೆಸರು ಸೇರಿತು.

ಆ ಗಂಡನ ಹೆಸರಲ್ಲಿ ದತ್ತುಮಕ್ಕಳಾದ ಮಾರ್ಕಸ್ ಔರೇಲಿಯಸ್ ಮತ್ತು ಲೂಸಿಯಸ್ ವೆರಸ್ ಹಾಕಿಸಿದ ದಿನಾರಿಯಸ್‌ಗಳಲ್ಲಿ ನಾಲ್ಕು ಮುಖ್ಯ ಬಗೆ ಇವೆ: ಹದ್ದು, ಚಿತೆ, ಬಲಿಪೀಠ, ಸ್ತಂಭ. ಸ್ತಂಭದ ಪೀಠ ಈಗ ವ್ಯಾಟಿಕನ್ ಮ್ಯೂಸಿಯಂನಲ್ಲಿದೆ. ರೆಕ್ಕೆಯ ದೇವತೆಯೊಬ್ಬ ಗಂಡ ಹೆಂಡತಿ ಇಬ್ಬರನ್ನೂ ಹೊತ್ತು ಮೇಲೇರುವ ದೃಶ್ಯ ಅದರ ಮೇಲೆ ಇದೆ. ಈ ನಾಲ್ಕು ಬಗೆಯನ್ನು ಕೂಡಿಸುವುದು ಒಳ್ಳೆಯ ಮೊದಲ ಗುರಿ.

ಕೈ ಸ್ವಲ್ಪ ಪಳಗಿದ ಮೇಲೆ ಡೀಸಿಯಸ್ ಚಕ್ರವರ್ತಿಯ ಸರಣಿಗೆ ಹೋಗಿ. 249ರಿಂದ 251ರವರೆಗೆ ಆಳಿದವನು ಇವನು. ಗಡಿಯಲ್ಲಿ ಯುದ್ಧ, ಒಳಗೆ ಅನುಮಾನ. ಸಾಮ್ರಾಜ್ಯದ ಎಲ್ಲರೂ ದೇವರುಗಳಿಗೆ ಬಲಿ ಕೊಡಬೇಕು ಎಂದು ಆಜ್ಞೆ ಹೊರಡಿಸಿದವನೂ ಇವನೇ. ಅದೇ ಹೊತ್ತಿನಲ್ಲಿ ಹಿಂದಿನ ಹನ್ನೊಂದು ದೇವರಾದ ಚಕ್ರವರ್ತಿಗಳ ಮುಖ ಹಾಕಿ ಆಂಟೊನಿನಿಯಾನಸ್ ಎಂಬ ಬೆಳ್ಳಿ ನಾಣ್ಯ ಹೊರಬಂತು: ಅಗಸ್ಟಸ್, ವೆಸ್ಪಾಸಿಯನ್, ಟೈಟಸ್, ನರ್ವಾ, ಟ್ರಾಜನ್, ಹೇಡ್ರಿಯನ್, ಆಂಟೊನಿನಸ್ ಪಯಸ್, ಮಾರ್ಕಸ್ ಔರೇಲಿಯಸ್, ಕೊಮೊಡಸ್, ಸೆಪ್ಟಿಮಿಯಸ್ ಸೆವೆರಸ್, ಸೆವೆರಸ್ ಅಲೆಕ್ಸಾಂಡರ್. ಹಿಂದೆ ಹದ್ದು ಇಲ್ಲವೇ ಬಲಿಪೀಠ. ಪಟ್ಟಿಯಲ್ಲಿ ಮೊದಲನೆಯ ಕ್ಲಾಡಿಯಸ್ ಇಲ್ಲ. ಕೊಮೊಡಸ್ ಇದ್ದಾನೆ! 192ರಲ್ಲಿ ಕೊಲೆಯಾದಾಗ ಸೆನೆಟ್ ಅವನ ಹೆಸರನ್ನೇ ಅಳಿಸಲು ಹೊರಟಿತ್ತು. ಆಮೇಲೆ ಸೆಪ್ಟಿಮಿಯಸ್ ಸೆವೆರಸ್ ತಾನು ಅವನ ಸಹೋದರ ಎಂದು ಹೇಳಿಕೊಂಡು ಅವನನ್ನು ದೇವರಾಗಿಸಿದ. ಯಾರು ದೇವರು ಎಂಬುದು ಯಾರಿಗೆ ಯಾರು ಬೇಕು ಎಂಬುದರ ಮೇಲೆ ನಿಂತಿತ್ತು. ಈ ಸರಣಿಯಲ್ಲಿ ಎಲ್ಲ ತಲೆಗೂ ಮುಳ್ಳಿನ ಕಿರೀಟ ಇರುವುದರಿಂದ ಮೂಲ ನಾಣ್ಯಗಳಿಂದ ಬೇರ್ಪಡಿಸುವುದು ಸುಲಭ.

ಕೊನೆಯ ಕಾಲದ ಒಂದು ನಾಣ್ಯ ಮಾತ್ರ ಎಲ್ಲರ ಹತ್ತಿರವೂ ಇರಬೇಕು ಅನ್ನುವುದು ನನ್ನ ಆಸೆ. ಕ್ರೈಸ್ತನಾದ ಕಾನ್‌ಸ್ಟಂಟೈನ್ 337ರ ಮೇ 22ರಂದು ಸತ್ತ. ಮಕ್ಕಳು ಅವನನ್ನೂ 'ದಿವುಸ್' ಎಂದೇ ಕರೆದರು. ಬರಹ ಡಿ-ವಿ ಎಂದು ಶುರುವಾಗುತ್ತದೆ. ತಲೆಯ ಮೇಲೆ ಸೆರಗು ಹೊದ್ದ ಮುಖ. ಹಿಂದೆ ಅವನು ನಾಲ್ಕು ಕುದುರೆಯ ರಥದಲ್ಲಿ ಮೇಲೇರುತ್ತಿದ್ದಾನೆ, ಆಕಾಶದಿಂದ ಒಂದು ಕೈ ಅವನ ಕಡೆ ಚಾಚಿದೆ. ಹಳೆಯ ರೋಮ್‌ನ ರಥ, ಹೊಸ ಧರ್ಮದ ಕೈ, ಎರಡೂ 15 ಮಿಲಿಮೀಟರ್ ಕಂಚಿನಲ್ಲಿ. ಸುಲಭ ಬೆಲೆಗೆ ಸಿಗುತ್ತದೆ. ಕೊಳ್ಳುವಾಗ ಆ ಕೈ ಸ್ಪಷ್ಟವಾಗಿ ಕಾಣುವ ನಾಣ್ಯವನ್ನೇ ಆರಿಸಿ. ಎಷ್ಟೋ ನಾಣ್ಯಗಳಲ್ಲಿ ಅದು ಅಂಚಿನಿಂದ ಹೊರಗೆ ಹೋಗಿರುತ್ತದೆ.

ಟೈಬೀರಿಯಸ್ ಹಾಕಿಸಿದ 'ದಿವುಸ್ ಅಗುಸ್ತುಸ್ ಪಾತೆರ್' ಎಂಬ ತಾಮ್ರದ ನಾಣ್ಯ, ಟೈಟಸ್ ತನ್ನ ಅಪ್ಪ ವೆಸ್ಪಾಸಿಯನ್‌ಗಾಗಿ ಹಾಕಿಸಿದ ಎರಡು ಮಕರಗಳ ದಿನಾರಿಯಸ್, ಮಗು ಹದ್ದಿನ ಮೇಲೆ ಕೂತು ಹೋಗುವ ಎರಡನೆಯ ವಲೇರಿಯನ್ ನಾಣ್ಯ ಇವೂ ಹುಡುಕಿದರೆ ಸಿಗುತ್ತವೆ.

ಹೆಜ್ಜೆ 4: ಕೊಳ್ಳುವ ಮುಂಚೆ ಹುಡುಕಿ ನೋಡಿ

ರೋಮನ್ ನಾಣ್ಯಗಳ ಮುಖ್ಯ ಪಟ್ಟಿಯನ್ನು ಸಂಗ್ರಾಹಕರು ಆರ್‌ಐಸಿ (ರೋಮನ್ ಇಂಪೀರಿಯಲ್ ಕಾಯಿನೇಜ್) ಎನ್ನುತ್ತಾರೆ. ಅದರ ಬಹುಭಾಗವನ್ನು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ 'ಓಸಿಆರ್‌ಇ' ತಾಣದಲ್ಲಿ ಉಚಿತವಾಗಿ ನೋಡಬಹುದು. ಹೊಸಬರು ಇಲ್ಲಿ ಎಡವುವುದು ಒಂದೇ ಕಾರಣಕ್ಕೆ. ದೇವರಾದ ಆಂಟೊನಿನಸ್‌ನನ್ನು ಆಂಟೊನಿನಸ್ ಹೆಸರಿನ ಕೆಳಗೆ ಹುಡುಕುತ್ತಾರೆ. ಪಟ್ಟಿ ಇರುವುದು ನಾಣ್ಯ ಹಾಕಿಸಿದವನ ಕೆಳಗೆ. ಅವನನ್ನು ಮಾರ್ಕಸ್ ಔರೇಲಿಯಸ್ ಅಧ್ಯಾಯದಲ್ಲಿ, ಹಿರಿಯ ಫೌಸ್ಟಿನಾಳನ್ನು ಆಂಟೊನಿನಸ್ ಪಯಸ್ ಅಧ್ಯಾಯದಲ್ಲಿ ನೋಡಬೇಕು. ನವಿಲಿರುವ ಅವಳ ದಿನಾರಿಯಸ್ ಆರ್‌ಐಸಿ 384. ಇದನ್ನೇ ಹುಡುಕಿ ಅಭ್ಯಾಸ ಮಾಡಿ.

ಒಂದೇ ಬಗೆಯ ಹತ್ತಾರು ನಾಣ್ಯಗಳ ಚಿತ್ರ ನೋಡಿದ ಮೇಲೆ ಕಣ್ಣು ತಾನಾಗಿ ಪಳಗುತ್ತದೆ. ಹಳೆಯ ಹರಾಜುಗಳ ಬೆಲೆಯನ್ನೂ ನೋಡಿ. ಹರಾಜಿನಲ್ಲಿ ನೀವು ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಪಾಲು ಸೇರುತ್ತದೆ, ಸಾಮಾನ್ಯವಾಗಿ 20 ಶೇಕಡಾ ಆಸುಪಾಸು. ಅಂಚೆ, ವಿಮೆ, ಸುಂಕ ಬೇರೆ. ಇದೆಲ್ಲ ಕೂಡಿಸಿ ಬಂದ ಮೊತ್ತವೇ ನಿಮ್ಮ ನಿಜವಾದ ಬೆಲೆ.

ಹೆಜ್ಜೆ 5: ನಕಲಿಯನ್ನು ಹಿಡಿಯಿರಿ

ಮೂರು ಸಾಮಾನು ಇಟ್ಟುಕೊಳ್ಳಿ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, 0.01 ಗ್ರಾಂ ತೂಗುವ ತಕ್ಕಡಿ, ಅಳತೆಗೆ ವರ್ನಿಯರ್ ಕ್ಯಾಲಿಪರ್. ಆಂಟೊನಿನಸ್ ಕಾಲದ ದಿನಾರಿಯಸ್ ಸಾಮಾನ್ಯವಾಗಿ 3ರಿಂದ 3.5 ಗ್ರಾಂ, 17ರಿಂದ 19 ಮಿಲಿಮೀಟರ್. ಇದರಿಂದ ತುಂಬ ದೂರ ಇದ್ದರೆ ನಿಲ್ಲಿಸಿ ಯೋಚಿಸಿ.

ಮೊದಲು ಅಂಚು ನೋಡಿ. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಸಣ್ಣ ಗೆರೆ, ಅಥವಾ ಅದನ್ನು ಉಜ್ಜಿದ ಗುರುತು ಇರುತ್ತದೆ. ಮೇಲ್ಮೈಯಲ್ಲಿ ಗುಳ್ಳೆಗಳ ತೂತು ಕಾಣುತ್ತವೆ. ಅಕ್ಷರಗಳ ಮೂಲೆ ಸಾಬೂನಿನಂತೆ ಮೊಂಡಾಗಿರುತ್ತದೆ. ಅಚ್ಚು ಒತ್ತಿ ಮಾಡಿದ ಅಸಲಿಯಲ್ಲಿ ಲೋಹ ಹೊರಮುಖವಾಗಿ ಹರಿದ ಗೆರೆಗಳು ಕಾಣುತ್ತವೆ, ಅಂಚು ಒಂದೆರಡು ಕಡೆ ಸೀಳಿರಬಹುದು. ಹೊಸದಾಗಿ ಅಚ್ಚು ಮಾಡಿ ಒತ್ತಿದ ನಕಲಿ ಇನ್ನೂ ಅಪಾಯ. ಅದನ್ನು ಹಿಡಿಯಲು ಒಂದೇ ದಾರಿ, ಗೊತ್ತಿರುವ ನಕಲಿಗಳ ಚಿತ್ರದ ಜೊತೆ ಹೋಲಿಸುವುದು. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಇದ್ದರೆ ನಕಲಿ ಎನ್ನಲು ಅನುಮಾನವೇ ಬೇಡ.

ಬೆಳ್ಳಿ ಸುಲಿದು ಒಳಗೆ ತಾಮ್ರ ಕಂಡರೆ ಗಾಬರಿ ಬೇಡ. ರೋಮನ್ ಕಾಲದಲ್ಲೇ ತಾಮ್ರಕ್ಕೆ ಬೆಳ್ಳಿ ಹೊದಿಸಿ ಮೋಸ ಮಾಡುತ್ತಿದ್ದರು. ಅದೂ ಹಳೆಯದೇ, ಆದರೆ ಬೆಲೆ ಕಡಿಮೆ ಇರಬೇಕು. ದೊಡ್ಡ ಕಂಚಿನ ನಾಣ್ಯಗಳಲ್ಲಿ ಬೇರೆ ತೊಂದರೆ: ಸವೆದ ಕೂದಲು, ಗರಿ, ಮುಖವನ್ನು ಇತ್ತೀಚೆಗೆ ಉಳಿಯಿಂದ ಮತ್ತೆ ಕೆತ್ತಿರುತ್ತಾರೆ. ಮುಖ ಚೂಪಾಗಿದ್ದು ಅಕ್ಷರ ಮಾತ್ರ ಸವೆದಿದ್ದರೆ ಕೊಳ್ಳಬೇಡಿ.

ಹೆಜ್ಜೆ 6: ಕಾನೂನು ಮತ್ತು ಕಾಗದ ಪತ್ರ

ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಹೊಲದಲ್ಲಿ, ಪಾಯ ತೆಗೆಯುವಾಗ ಹಳೆಯ ನಾಣ್ಯ ಸಿಕ್ಕರೆ ಅದು ನಿಧಿ ಕಾಯ್ದೆಯ ಕೆಳಗೆ ಬರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ಸುಮ್ನೆ ಇಟ್ಟುಕೊಂಡರೆ ಅಪರಾಧ. ಅದಕ್ಕಿಂತ ದೊಡ್ಡ ನಷ್ಟವೂ ಇದೆ. ಯಾವ ಮಡಕೆಯಲ್ಲಿ, ಯಾವುದರ ಜೊತೆ, ಎಷ್ಟು ಆಳದಲ್ಲಿ ಇತ್ತು ಎಂಬ ವಿವರ ಹೋದರೆ ಮತ್ತೆ ಬರುವುದಿಲ್ಲ. ಯಶವಂತಪುರದ್ದು ಒಂದೇ ಕಡೆ ಸಿಕ್ಕ ರಾಶಿ ಎಂದು ದಾಖಲಾಗಿದ್ದರಿಂದಲೇ ಇಂದು ನಾವು ಅದರ ಬಗ್ಗೆ ಮಾತಾಡಲು ಸಾಧ್ಯ. ಇಲ್ಲೇ ಸಿಕ್ಕಿದ್ದು ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ದಯವಿಟ್ಟು ಕೊಳ್ಳಬೇಡಿ.

1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಯಾವ ನಾಣ್ಯವೂ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಲಂಡನ್‌ನಲ್ಲೋ ಮ್ಯೂನಿಕ್‌ನಲ್ಲೋ ಕೊಂಡ ರೋಮನ್ ನಾಣ್ಯವನ್ನು ಊರಿಗೆ ತಂದು ಇಟ್ಟರೆ ಮತ್ತೆ ಹೊರಗೆ ಒಯ್ಯುವುದು ಕಷ್ಟ. ಯೋಚಿಸಿ ತನ್ನಿ. ಭಾರತಕ್ಕೆ ತರಿಸುವವರು ಹರಾಜಿಗೆ ಮುಂಚೆಯೇ ಕಸ್ಟಮ್ಸ್ ಏಜೆಂಟರ ಹತ್ತಿರ ಸುಂಕ, ನಿಯಮ ಕೇಳಿಕೊಳ್ಳಿ.

ಮಾರುವವರಿಂದ ಬಿಲ್ ತೆಗೆದುಕೊಳ್ಳಿ. ಆ ನಾಣ್ಯ ಹಿಂದೆ ಯಾವ ಸಂಗ್ರಹದಲ್ಲಿತ್ತು, ಯಾವ ಹರಾಜಿನಲ್ಲಿ ಮಾರಾಟವಾಗಿತ್ತು ಎಂದು ಕೇಳಿ. ಹಳೆಯ ದಾಖಲೆ ಇರುವ ನಾಣ್ಯಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಹೆಜ್ಜೆ 7: ಇಟ್ಟುಕೊಳ್ಳುವುದು, ಬರೆದಿಡುವುದು

ಉಜ್ಜಬೇಡಿ. ಹುಣಸೆಹಣ್ಣು, ವಿಭೂತಿ, ಬೆಳ್ಳಿ ಪಾಲಿಶ್ ಯಾವುದೂ ಬೇಡ. ಸಾವಿರಾರು ವರ್ಷದ ಬಣ್ಣ ಒಂದು ನಿಮಿಷದಲ್ಲಿ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ನೀರಲ್ಲಿ ನೆನೆಸಿಟ್ಟು ಪೂರ್ತಿ ಒಣಗಿಸಿ. ಕಂಚಿನ ಮೇಲೆ ತಿಳಿಹಸಿರು ಪುಡಿ ಕಂಡರೆ ಅದು ಲೋಹವನ್ನು ತಿನ್ನುವ ರೋಗ. ತಕ್ಷಣ ಬೇರೆ ಇಡಿ, ಬಲ್ಲವರಿಗೆ ತೋರಿಸಿ. ಪಿವಿಸಿ ಇರುವ ಮೆತ್ತನೆ ಪ್ಲಾಸ್ಟಿಕ್ ಚೀಲ ಕಾಲ ಕಳೆದಂತೆ ಜಿಗುಟಾಗಿ ನಾಣ್ಯಕ್ಕೆ ಅಂಟುತ್ತದೆ, ಅದನ್ನು ಬಳಸಬೇಡಿ. ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಿ.

ಪ್ರತಿ ನಾಣ್ಯಕ್ಕೂ ಒಂದು ಚೀಟಿ ಇರಲಿ, ಹೀಗೆ: 'ಆಂಟೊನಿನಸ್ ಪಯಸ್. ಹಾಕಿಸಿದವರು ಮಾರ್ಕಸ್ ಔರೇಲಿಯಸ್, ಲೂಸಿಯಸ್ ವೆರಸ್. ರೋಮ್ ಟಂಕಸಾಲೆ, 161ರ ನಂತರ. ಬೆಳ್ಳಿ. ಮುಂದೆ ಬರಿತಲೆ, ಬಲಕ್ಕೆ ಮುಖ. ಹಿಂದೆ ಚಿತೆ.' ಕೆಳಗೆ ತೂಕ, ಅಗಲ, ಆರ್‌ಐಸಿ ಸಂಖ್ಯೆ, ಕೊಂಡ ದಿನ, ಬೆಲೆ, ಹಿಂದಿನ ದಾಖಲೆ. ಎರಡೂ ಬದಿಯ ಫೋಟೊ ತೆಗೆದು ಜೊತೆಗೆ ಇಡಿ.

ಪೆಟ್ಟಿಗೆಯಲ್ಲಿ ಜೋಡಿಸುವಾಗ ಸತ್ತವರ ಸಾಲಿನ ಬದಲು ಹಾಕಿಸಿದವರ ಸಾಲಿನಲ್ಲಿ ಇಡಿ ಎಂಬುದು ನನ್ನ ಸಲಹೆ. ಹಾಗೆ ಇಟ್ಟರೆ ಆಂಟೊನಿನಸ್ ಪಯಸ್‌ನ ಅಂಕಣದಲ್ಲಿ ಹೆಂಡತಿ ಬರುತ್ತಾಳೆ, ಮಾರ್ಕಸ್‌ನ ಅಂಕಣದಲ್ಲಿ ಅಪ್ಪ, ಜೊತೆಗೆ ಆಳಿದ ತಮ್ಮ, ಹೆಂಡತಿ ಬರುತ್ತಾರೆ. ಡೀಸಿಯಸ್‌ನ ಅಂಕಣದಲ್ಲಿ ಅವನಿಗೆ ರಕ್ತಸಂಬಂಧವೇ ಇಲ್ಲದ ಹನ್ನೊಂದು ಜನ. ಮೊದಲ ವರ್ಷಕ್ಕೆ ಕ್ಲಾಡಿಯಸ್ ಗೋಥಿಕಸ್ ಒಂದು, ಹಿರಿಯ ಫೌಸ್ಟಿನಾ ಎರಡು, ಕಾನ್‌ಸ್ಟಂಟೈನ್ ಒಂದು, ಹಣ ಉಳಿದರೆ ಆಂಟೊನಿನಸ್‌ನ ಚಿತೆ. ಇಷ್ಟು ಸಾಕು.